‘ಎಷ್ಟು ಕೊಡುತ್ತೆ?’ ಎಂಬ ಒಂದೇ ಪ್ರಶ್ನೆ

ಹೊಸ ಕಾರು ಮನೆ ಮುಂದೆ ನಿಂತು, ಚಕ್ರದಡಿಯ ನಿಂಬೆಹಣ್ಣು ಅಪ್ಪಚ್ಚಿಯಾಗುವುದರೊಳಗೆ ಎದುರುಮನೆಯವರು ಕೇಳಿಬಿಟ್ಟಿರುತ್ತಾರೆ: ‘ಎಷ್ಟು ಕೊಡುತ್ತೆ?’ ಎಷ್ಟಕ್ಕೆ ಬಂತು ಎಂಬುದು ಆಮೇಲಿನ ವಿಚಾರಣೆ. ಬ್ರೇಕ್ ಹೇಗಿದೆ, ಹಿಂದಿನ ಸೀಟಿನ ಮಕ್ಕಳು ಬೆಲ್ಟ್ ಹಾಕುತ್ತಾರೆಯೇ, ಸಾಲ ಎಷ್ಟು ವರ್ಷದ್ದು ಎಂದು ಕೇಳುವವರು ಅಪರೂಪ. ಮಾರುತಿ ಕಂಪನಿ ಇದೇ ಪ್ರಶ್ನೆಯನ್ನು ಹಿಂದಿಯಲ್ಲಿಟ್ಟು ಜಾಹೀರಾತಿನ ಸರಣಿಯನ್ನೇ ಮಾಡಿತ್ತು. ನೋಡಿದವರೆಲ್ಲ ತಮ್ಮನ್ನೇ ಕಂಡಂತೆ ನಕ್ಕರು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಹುಟ್ಟಿ, 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಜೊತೆ ಬೆಳೆದ ಈ ಮೈಲೇಜ್ ಲೆಕ್ಕ ಆ ಕಾಲಕ್ಕೆ ಸರಿಯಾಗಿಯೇ ಇತ್ತು. ಅಲ್ಲಿಂದೀಚೆಗೆ ಎಂಜಿನ್ನಿನ ಒಳಗು ಬದಲಾಗಿದೆ, ತೆರಿಗೆ ಬದಲಾಗಿದೆ, ಕಾರು ಕೊಳ್ಳುವ ಕ್ರಮವೇ ಬದಲಾಗಿದೆ. ಲೆಕ್ಕ ಮಾತ್ರ ಹಳೆಯದೇ. ಇವತ್ತು ಅದು ನಮಗೆ ದುಡ್ಡು ಉಳಿಸಿಕೊಡುವುದಕ್ಕಿಂತ ಕಳೆಯುವುದೇ ಹೆಚ್ಚು. ಕೆಲವೊಮ್ಮೆ ದುಡ್ಡಿಗಿಂತ ದೊಡ್ಡದನ್ನೂ ಕಳೆಯುತ್ತದೆ.

ಅಂಕಿಯಿಂದಲೇ ಶುರುಮಾಡೋಣ. ವರ್ಷಕ್ಕೆ 10,000 ಕಿ.ಮೀ. ಓಡಿಸುವ ಮನೆ, ಪೆಟ್ರೋಲ್ ಲೀಟರಿಗೆ 103 ರೂಪಾಯಿ ಎಂದಿಟ್ಟುಕೊಳ್ಳಿ. ಲೀಟರಿಗೆ 14 ಕಿ.ಮೀ. ಕೊಡುವ ಕಾರು ಹತ್ತು ವರ್ಷದಲ್ಲಿ ಸುಮಾರು 7.36 ಲಕ್ಷದ ಪೆಟ್ರೋಲ್ ಕುಡಿಯುತ್ತದೆ. 16 ಕೊಡುವ ಕಾರು 6.44 ಲಕ್ಷದ್ದು. ವ್ಯತ್ಯಾಸ 92,000. ಸಣ್ಣ ಮೊತ್ತವಲ್ಲ, ನಿಜ. ಈಗ ಸಾಲಕ್ಕೆ ಬನ್ನಿ. 10 ಲಕ್ಷ ಸಾಲ, ಶೇ 9 ಬಡ್ಡಿ. ಐದು ವರ್ಷಕ್ಕಾದರೆ ತಿಂಗಳ ಕಂತು ಸುಮಾರು 20,760. ಒಟ್ಟು ಬಡ್ಡಿ 2.45 ಲಕ್ಷ. ‘ಕಂತು ಜಾಸ್ತಿ ಆಗುತ್ತೆ ಸಾರ್, ಏಳು ವರ್ಷಕ್ಕೆ ಹಾಕಿಬಿಡೋಣ’ ಎನ್ನುತ್ತಾನೆ ಷೋರೂಮಿನ ಹುಡುಗ. ಕಂತು 16,090ಕ್ಕೆ ಇಳಿಯುತ್ತದೆ, ಬಡ್ಡಿ 3.51 ಲಕ್ಷಕ್ಕೆ ಏರುತ್ತದೆ. ಒಂದು ಸಹಿಗೆ 1.06 ಲಕ್ಷ ಹೋಯಿತು. ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿಟ್ಟು ಹತ್ತು ವರ್ಷ ಉಳಿಸಿದ ಪೆಟ್ರೋಲಿನ ದುಡ್ಡು ಈ ಸಹಿಗೆ ಸಾಲುವುದಿಲ್ಲ. ಆದರೂ ಮೈಲೇಜ್ ಬಗ್ಗೆ ಮೂರು ಜನರನ್ನು ವಿಚಾರಿಸಿ ಬಂದ ಗಿರಾಕಿ ಸಾಲದ ಅವಧಿಯನ್ನು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ತೀರ್ಮಾನಿಸುತ್ತಾನೆ.

ಆ ಮೈಲೇಜ್ ಅಂಕಿಯಾದರೂ ಎಂಥದು? ಪುಣೆಯ ಎಆರ್‌ಎಐನಂಥ ಪ್ರಯೋಗಾಲಯದಲ್ಲಿ, ಉರುಳೆಗಳ ಮೇಲೆ ಕಾರನ್ನು ನಿಲ್ಲಿಸಿ, ನಿಗದಿತ ಕ್ರಮದಲ್ಲಿ ವೇಗ ಏರಿಸಿ ಇಳಿಸಿ, ಎ.ಸಿ. ಹಾಕದೆ ಅಳೆದದ್ದು. ಒಂದು ಕಾರನ್ನು ಇನ್ನೊಂದರ ಜೊತೆ ತೂಗಿ ನೋಡಲು ಅದು ಬೇಕು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಎ.ಸಿ. ಹಾಕಿಕೊಂಡು ನಿಂತವರಿಗೆ ಅದು ಕೊಟ್ಟ ಭರವಸೆಯೇನಲ್ಲ.

ತೆರಿಗೆಯ ಕಡೆ ಬಂದರೆ ಕರ್ನಾಟಕದವರ ಪಾಡೇ ಬೇರೆ. ದೇಶದಲ್ಲೇ ಹೆಚ್ಚು ರಸ್ತೆ ತೆರಿಗೆ ವಸೂಲು ಮಾಡುವ ರಾಜ್ಯಗಳಲ್ಲಿ ನಮ್ಮದೊಂದು. 5 ಲಕ್ಷದವರೆಗಿನ ಕಾರಿಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದರಾಚೆ ಶೇ 18 ಆಜೀವ ತೆರಿಗೆ. ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಇದು ಬೀಳುವುದು ಷೋರೂಂ ಬೆಲೆಯ ಮೇಲೆ, ಅಂದರೆ ಜಿಎಸ್‌ಟಿ ಸೇರಿದ ಬೆಲೆಯ ಮೇಲೆ. 12 ಲಕ್ಷದ ಕಾರಿಗೆ 2.26 ಲಕ್ಷ ಹೀಗೆ ಹೋಗುತ್ತದೆ. ಮಜಾ ಇರುವುದು ಮಜಲುಗಳ ಅಂಚಿನಲ್ಲಿ. 9.90 ಲಕ್ಷದ ಕಾರಿಗೆ ಈ ಬಾಬ್ತು ಸುಮಾರು 1.54 ಲಕ್ಷ, 10.10 ಲಕ್ಷದ್ದಕ್ಕೆ 1.91 ಲಕ್ಷ. ಇಪ್ಪತ್ತು ಸಾವಿರ ಹೆಚ್ಚು ಕೊಟ್ಟು ಸನ್‌ರೂಫ್ ಇರುವ ಮಾದರಿ ತೆಗೆದುಕೊಂಡೆ ಎಂದು ಬೀಗುವವರು ಆ ಕಿಟಕಿಗೆ ತೆತ್ತದ್ದು ಸುಮಾರು 57,000. ಮೈಲೇಜ್ ಬಗ್ಗೆ ಅಷ್ಟು ಕೇಳುವ ನಾವು ಈ ಅಂಚನ್ನು ಯಾಕೆ ಕೇಳುವುದಿಲ್ಲವೋ ನನಗೆ ಇನ್ನೂ ಅರ್ಥವಾಗಿಲ್ಲ.

ಹಾಗೆ ನೋಡಿದರೆ ನಮ್ಮ ಕಾರುಗಳ ಆಕಾರವನ್ನು ತೀರ್ಮಾನಿಸಿದ್ದೇ ತೆರಿಗೆ. 2006ರ ಕೇಂದ್ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿಗಿಂತ ಗಿಡ್ಡವಾದ, ಸಣ್ಣ ಎಂಜಿನ್ನಿನ ಕಾರುಗಳ ಅಬಕಾರಿ ಸುಂಕ ಇಳಿದದ್ದೇ ತಡ, ಡಿಕ್ಕಿ ಕತ್ತರಿಸಿದ ಸೆಡಾನ್‌ಗಳು ಹುಟ್ಟಿಕೊಂಡವು. 2008ರ ಇಂಡಿಗೊ ಸಿಎಸ್, 2012ರಲ್ಲಿ ಮೊಟಕಾದ ಡಿಸೈರ್, ಆಮೇಲೆ ಬಂದ ಪುಟ್ಟ ಎಸ್‌ಯುವಿಗಳ ಸಾಲು ಎಲ್ಲಕ್ಕೂ ಉದ್ದ ಒಂದೇ: 3,995 ಮಿಲಿಮೀಟರ್ ಆಸುಪಾಸು. ಐದು ಮಿಲಿಮೀಟರ್ ಉಳಿಸಿದ್ದು ಗಿರಾಕಿಯ ಅನುಕೂಲಕ್ಕಲ್ಲ. 2025ರ ಸೆಪ್ಟೆಂಬರ್ 22ರಿಂದ ಈ ಗೆರೆ ಇನ್ನೂ ದಪ್ಪವಾಗಿದೆ. ನಾಲ್ಕು ಮೀಟರಿನೊಳಗಿನ, 1,200 ಸಿ.ಸಿ. ಒಳಗಿನ ಪೆಟ್ರೋಲ್ ಕಾರಿಗೆ ಮತ್ತು 1,500 ಸಿ.ಸಿ. ಒಳಗಿನ ಡೀಸೆಲ್ ಕಾರಿಗೆ ಜಿಎಸ್‌ಟಿ ಶೇ 18. ಅದರಾಚೆಯದಕ್ಕೆಲ್ಲ ಶೇ 40. ವಿದ್ಯುತ್ ಕಾರಿಗೆ ಶೇ 5. ಪುಟ್ಟ ಪೆಟ್ರೋಲ್ ಕಾರಿನ ತೆರಿಗೆ ಶೇ 29ರಿಂದ 18ಕ್ಕೆ ಬಂದಾಗ ಷೋರೂಂ ಬೆಲೆ ಇಳಿಯಿತು, ಅದರ ಬೆನ್ನಿಗೆ ನಮ್ಮ ಆಜೀವ ತೆರಿಗೆಯೂ ತಾನಾಗಿ ಇಳಿಯಿತು. ಮೈಲೇಜ್ ಎಷ್ಟು ಹೆಚ್ಚಿದ್ದರೂ ಒಂದೇ ದಿನಕ್ಕೆ ಇಷ್ಟು ಉಳಿಸಿಕೊಡಲಾರದು.

ಡೀಸೆಲ್ ಮೋಹದ ಕತೆ ಇದಕ್ಕಿಂತ ಸ್ವಾರಸ್ಯದ್ದು, ಏಕೆಂದರೆ ಅದು ಒಮ್ಮೆ ಪೂರ್ತಿ ನಿಜವಾಗಿತ್ತು. 2010ರ ಜೂನ್‌ನಲ್ಲಿ ಪೆಟ್ರೋಲ್ ಬೆಲೆಯನ್ನು ಸರ್ಕಾರ ಮಾರುಕಟ್ಟೆಗೆ ಬಿಟ್ಟಿತು, ಡೀಸೆಲನ್ನು ಬಿಟ್ಟಿದ್ದು 2014ರ ಅಕ್ಟೋಬರಿನಲ್ಲಿ. ನಡುವಿನ ನಾಲ್ಕು ವರ್ಷ ಎರಡರ ಬೆಲೆಗೂ ಭಾರಿ ಅಂತರ. ಆಗ ಡೀಸೆಲ್ ಕಾರು ಕೊಂಡವರು ಜಾಣರೇ. ಈಗ? ಲೀಟರಿಗೆ 103 ರೂಪಾಯಿಯ ಪೆಟ್ರೋಲಿನಲ್ಲಿ 14 ಕಿ.ಮೀ., 91 ರೂಪಾಯಿಯ ಡೀಸೆಲಿನಲ್ಲಿ 18 ಕಿ.ಮೀ. ಎಂದರೂ ಕಿಲೋಮೀಟರಿಗೆ ಉಳಿಯುವುದು 2.30 ರೂಪಾಯಿ. ಡೀಸೆಲ್ ಮಾದರಿಗೆ ಕೊಟ್ಟ ಹೆಚ್ಚುವರಿ ಒಂದೂಕಾಲು ಲಕ್ಷ ಹಿಂದಕ್ಕೆ ಬರಲು 54,000 ಕಿ.ಮೀ. ಓಡಬೇಕು. ಮಗಳನ್ನು ಶಾಲೆಗೆ ಬಿಟ್ಟು, ತರಕಾರಿ ತಂದು, ವರ್ಷಕ್ಕೆರಡು ಸಲ ಊರಿಗೆ ಹೋಗಿಬರುವವರಿಗೆ ಅದು ಏಳೆಂಟು ವರ್ಷದ ದಾರಿ. ಮೇಲಾಗಿ 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ನಿಯಮದ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಸೋಸುಕವೊಂದು ಕೂತಿದೆ. ಅದರ ಮಸಿ ಸುಟ್ಟುಹೋಗಲು ಹೆದ್ದಾರಿಯ ನಿರಂತರ ಓಟ ಬೇಕು. ನಾಲ್ಕು ಕಿಲೋಮೀಟರ್ ಓಡಿ ನಿಲ್ಲುವ ಬೆಂಗಳೂರಿನ ಬಾಳಿನಲ್ಲಿ ಅದು ಕಟ್ಟಿಕೊಂಡು ಮೀಟರ್ ಬೋರ್ಡಿನಲ್ಲಿ ದೀಪ ಹತ್ತುತ್ತದೆ, ಗ್ಯಾರೇಜಿನ ಬಿಲ್ ಬರುತ್ತದೆ. ಮಾರುತಿ ಅದೇ 2020ರಲ್ಲಿ ಡೀಸೆಲ್ ಕಾರು ಮಾಡುವುದನ್ನೇ ಬಿಟ್ಟಿತು. ದಿನಾ ಹುಬ್ಬಳ್ಳಿ–ಬೆಳಗಾವಿ ಓಡಾಡುವವರಿಗೆ ಡೀಸೆಲ್ ಇವತ್ತಿಗೂ ಸರಿ. ಉಳಿದವರದು ಅಂಟಿಕೊಂಡ ಅಭ್ಯಾಸ.

ಪೆಟ್ರೋಲಿನವರಿಗೂ ಈಗ ಹೊಸ ಗೊಂದಲ: ಶೇ 20 ಎಥೆನಾಲ್ ಬೆರೆಸಿದ ಇ20. ಎಂಜಿನ್ ಕರಗಿಹೋಗುತ್ತದೆ ಎಂದು ಹೆದರಿಸುವವರು ಒಂದು ಕಡೆ, ಏನೂ ಆಗುವುದಿಲ್ಲ ಎಂದು ತೇಲಿಸುವವರು ಇನ್ನೊಂದು ಕಡೆ. ಇಬ್ಬರ ಮಾತೂ ಅತಿ. ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಐದನೇ ಒಂದು ಭಾಗ ಅದನ್ನು ಬೆರೆಸಿದರೆ ಮೈಲೇಜ್ ಇಳಿಯಲೇಬೇಕು. ಇ20ಕ್ಕೆ ಹೊಂದಿಸದ ಕಾರುಗಳಲ್ಲಿ ಶೇ 3ರಿಂದ 6ರಷ್ಟು ಇಳಿಯಬಹುದೆಂದು ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಒಪ್ಪಿದೆ. 2023ರ ಏಪ್ರಿಲ್‌ಗಿಂತ ಮೊದಲಿನ ಕಾರಿದ್ದರೆ ರಬ್ಬರ್ ಪೈಪು, ಗ್ಯಾಸ್ಕೆಟ್‌ಗಳ ಮೇಲೆ ಒಂದು ಕಣ್ಣಿರಲಿ. ನನ್ನ ಆಕ್ಷೇಪ ಬೇರೆ. ಮಂಡ್ಯದ ಕಬ್ಬಿಗೆ ಬೆಲೆ ಬರಲಿ, ಬೇಡವೆನ್ನುವುದಿಲ್ಲ. ಆದರೆ ಶಕ್ತಿ ಕಡಿಮೆಯಾದ ಲೀಟರಿಗೆ ಹಳೆಯ ದರವನ್ನೇ ಯಾಕೆ ಕೊಡಬೇಕು? ಎಷ್ಟು ಕೊಡುತ್ತೆ ಎಂಬ ಪ್ರಶ್ನೆಯನ್ನು ಕೇಳಬೇಕಾದ ಒಂದೇ ಒಂದು ಜಾಗ ಇದು. ಅಲ್ಲಿ ನಾವು ಕೇಳಿದ್ದು ಕಡಿಮೆ.

ಇನ್ನು ಓಡಿಸುವವರ ನಂಬಿಕೆಗಳು. ಇವುಗಳಲ್ಲಿ ಅತಿ ಹಳೆಯದೂ ಅತಿ ಅಪಾಯದ್ದೂ ಘಾಟಿಯ ನ್ಯೂಟ್ರಲ್. ಚಾರ್ಮಾಡಿಯಲ್ಲಿ ಕೊಟ್ಟಿಗೆಹಾರ ದಾಟಿ ಇಳಿಯುವಾಗ ಸೆಕೆಂಡ್ ಗೇರಿನಲ್ಲಿರುವ ಹುಡುಗನಿಗೆ ಪಕ್ಕದ ಸೀಟಿನಿಂದ ಚಿಕ್ಕಪ್ಪ ಹೇಳುವುದು ನೀವೂ ಕೇಳಿದ್ದೀರಿ: ‘ಏನೋ ಇದು, ಇಳಿಜಾರಲ್ಲೂ ಪೆಟ್ರೋಲ್ ಸುಡ್ತೀಯಲ್ಲೋ, ನ್ಯೂಟ್ರಲ್‌ಗೆ ಹಾಕು ಮಾರಾಯ.’ ಚಿಕ್ಕಪ್ಪ ದಡ್ಡರಲ್ಲ. ಅವರು ಕಲಿತದ್ದು ಕಾರ್ಬ್ಯುರೇಟರ್ ಕಾರಿನಲ್ಲಿ. ಅದರಲ್ಲಿ ಗೇರ್ ಹಾಕಿಕೊಂಡು ಇಳಿದರೆ ಎಂಜಿನ್ ವೇಗವಾಗಿ ತಿರುಗುತ್ತ ತನ್ನ ಎಳೆತಕ್ಕೆ ಪೆಟ್ರೋಲ್ ಹೀರಿಕೊಳ್ಳುತ್ತಲೇ ಇರುತ್ತಿತ್ತು. ನ್ಯೂಟ್ರಲ್‌ನಲ್ಲಿ ಅದಕ್ಕಿಂತ ಕಡಿಮೆ ಸಾಕಿತ್ತು. 2000ದ ಆಸುಪಾಸಿನಲ್ಲಿ ಇಂಧನವನ್ನು ಕಂಪ್ಯೂಟರ್ ಅಳೆದು ಚಿಮ್ಮಿಸುವ ಎಂಜಿನ್‌ಗಳು ಬಂದ ಮೇಲೆ ಆ ಲೆಕ್ಕ ತಿರುಗುಮುರುಗಾಯಿತು. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಈ ಎಂಜಿನ್ ಇಂಧನ ಚಿಮ್ಮಿಸುವುದನ್ನೇ ನಿಲ್ಲಿಸುತ್ತದೆ. ಚಕ್ರಗಳೇ ಅದನ್ನು ತಿರುಗಿಸುತ್ತಿರುತ್ತವೆ, ಖರ್ಚು ಸೊನ್ನೆ. ನ್ಯೂಟ್ರಲ್‌ಗೆ ಹಾಕಿದಿರೋ, ಎಂಜಿನ್ ಆರದಂತೆ ಉಳಿಸಿಕೊಳ್ಳಲು ಮತ್ತೆ ಪೆಟ್ರೋಲ್ ಬೇಕು. ಉಳಿಸಲು ಹೋಗಿ ಸುಡುವುದೆಂದರೆ ಇದೇ.

ದುಡ್ಡಿನ ಮಾತು ಬಿಡಿ. ಗೇರಿಲ್ಲದ ಕಾರಿನ ಇಡೀ ಭಾರವನ್ನು ಹಿಡಿಯುವುದು ಬ್ರೇಕ್ ಒಂದೇ. ಹತ್ತು ಹದಿನೈದು ಕಿಲೋಮೀಟರ್ ತಿರುವಿನ ಇಳಿಜಾರಿನಲ್ಲಿ ಒತ್ತುತ್ತಲೇ ಇದ್ದರೆ ಪ್ಯಾಡು, ಡಿಸ್ಕು ಕಾಯುತ್ತವೆ, ಹಳತಾಗಿ ನೀರು ಹೀರಿದ ಬ್ರೇಕ್ ಆಯಿಲ್ ಕುದಿದು ಗುಳ್ಳೆಯೇಳುತ್ತದೆ, ಪೆಡಲ್ ಮೆತ್ತಗೆ ನೆಲಕ್ಕಿಳಿಯುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೀಲಿಯನ್ನೇ ಆಫ್ ಮಾಡುವವರಿದ್ದಾರೆ. ಅವರು ಬ್ರೇಕಿಗೆ ಬಲ ಕೊಡುವ ಬೂಸ್ಟರನ್ನೂ ಪವರ್ ಸ್ಟೀರಿಂಗನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ. ಶಿರಾಡಿ, ಆಗುಂಬೆ ಹತ್ತಿ ಇಳಿದ ಲಾರಿ ಚಾಲಕರ ಹಳೆಯ ನಿಯಮವೇ ಸರಿ: ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಲಾರಿಯವರ ಆ ಮಾತು ನಮಗೆ ಅಂಟಲಿಲ್ಲ, ನ್ಯೂಟ್ರಲ್ ಅಂಟಿತು. ಅದರಲ್ಲಿ ಉಳಿತಾಯ ಎಂಬ ಆಸೆ ಇತ್ತಲ್ಲ.

ಉಳಿದವು ಇಷ್ಟು ಅಪಾಯದವಲ್ಲ. ಬೆಳಿಗ್ಗೆ ಐದು ನಿಮಿಷ ಎಂಜಿನ್ ‘ಬಿಸಿ ಮಾಡುವುದು’ ಚೋಕ್ ಎಳೆಯುತ್ತಿದ್ದ ಕಾಲದ ಪದ್ಧತಿ. ಈಗ ಅರ್ಧ ನಿಮಿಷ ಬಿಟ್ಟು ಮೆಲ್ಲಗೆ ಹೊರಟರೆ ಎಂಜಿನ್ ನಿಂತದ್ದಕ್ಕಿಂತ ಬೇಗ ಹದಕ್ಕೆ ಬರುತ್ತದೆ. ತಂಪು ಹೊತ್ತಿನಲ್ಲಿ ಪೆಟ್ರೋಲ್ ಹಾಕಿಸಿದರೆ ಹೆಚ್ಚು ಬರುತ್ತದಂತೆ. ಪೆಟ್ರೋಲ್ ಹಿಗ್ಗುವುದು ಒಂದು ಡಿಗ್ರಿಗೆ ಸುಮಾರು ಸಾವಿರದಲ್ಲೊಂದು ಪಾಲು. ಬಂಕಿನ ಟ್ಯಾಂಕ್ ನೆಲದಡಿ ಇರುವುದರಿಂದ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಅದರ ಉಷ್ಣತೆ ಹೆಚ್ಚು ಬದಲಾಗುವುದಿಲ್ಲ. ಐದು ಡಿಗ್ರಿ ಬದಲಾಯಿತೆಂದೇ ಇಟ್ಟುಕೊಂಡರೂ 30 ಲೀಟರಿಗೆ ಲಾಭ ಹದಿನೈದು ರೂಪಾಯಿ. 500ರ ಬದಲು 510 ರೂಪಾಯಿಗೆ ಹಾಕಿಸಿದರೆ ಮೋಸ ನಡೆಯದು ಎಂಬುದಕ್ಕೂ ಆಧಾರವಿಲ್ಲ. ಅನುಮಾನವಿದ್ದರೆ ಬಂಕಿನಲ್ಲಿ ಇರಲೇಬೇಕಾದ ಐದು ಲೀಟರಿನ ಮುದ್ರೆ ಹಾಕಿದ ಅಳತೆ ಪಾತ್ರೆಯನ್ನು ತರಿಸಿ ಅಳೆಸಿ; ಅದು ನಿಮ್ಮ ಹಕ್ಕು. ಚಕ್ರಕ್ಕೆ ಇಷ್ಟೆಂದು ದುಡ್ಡು ಕೊಟ್ಟು ತುಂಬಿಸುವ ನೈಟ್ರೋಜನ್ ಪುಕ್ಕಟೆ ಗಾಳಿಯಲ್ಲೇ ಶೇ 78 ಇದೆ. ಟೈರಿನ ಒತ್ತಡವನ್ನು ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವಷ್ಟೇ ಇಟ್ಟುಕೊಂಡು ಹದಿನೈದು ದಿನಕ್ಕೊಮ್ಮೆ ನೋಡುವುದು ಇವೆಲ್ಲಕ್ಕಿಂತ ಮೇಲು.

ಗಿರಾಕಿಯ ಮೂಢನಂಬಿಕೆಯನ್ನು ಬಯ್ಯುವಾಗ ಸರ್ವಿಸ್ ಸೆಂಟರಿನದನ್ನು ಬಿಡುವುದು ನ್ಯಾಯವಲ್ಲ. ಪುಸ್ತಿಕೆಯಲ್ಲಿ 10,000 ಕಿ.ಮೀ. ಅಥವಾ ಒಂದು ವರ್ಷ ಎಂದು ಬರೆದಿದ್ದರೂ ಐದು ಸಾವಿರಕ್ಕೇ ಆಯಿಲ್ ಬದಲಿಸಿ ಎನ್ನುವುದು, ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಎ.ಸಿ. ಶುದ್ಧೀಕರಣ, ಟೆಫ್ಲಾನ್ ಲೇಪ ಎಂದು ಬಿಲ್ಲಿಗೆ ಸಾಲು ಸೇರಿಸುವುದು ನಡೆದೇ ಇದೆ. ಕಾರಿನ ಜೊತೆ ಬಂದ ಪುಸ್ತಿಕೆಯನ್ನು ನಾವು ಓದುವುದಿಲ್ಲ ಎಂಬ ಭರವಸೆಯ ಮೇಲೆ ಈ ವ್ಯಾಪಾರ ನಿಂತಿದೆ.

ವಿಮೆಯದೂ ಇಂಥದೇ ಕತೆ. ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ್ದನ್ನು ಒಟ್ಟಿಗೇ ಕಟ್ಟಬೇಕು. ಸ್ವಂತ ಕಾರಿನ ನಷ್ಟದ ವಿಮೆಯನ್ನು ಡೀಲರ್ ಬಳಿಯೇ ಮಾಡಿಸಬೇಕೆಂಬ ಕಟ್ಟಳೆ ಇಲ್ಲ. ಆದರೂ ಬಹಳಷ್ಟು ಜನ ಅಲ್ಲೇ ಮಾಡಿಸುತ್ತಾರೆ. ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ನೋ ಕ್ಲೇಮ್ ಬೋನಸ್ ಶೇ 20ರಿಂದ ಏರುತ್ತ 50ರವರೆಗೆ ಹೋಗುತ್ತದೆ. ಆ ಬೋನಸ್ ಕಾರಿನದಲ್ಲ, ಮಾಲೀಕನದು. ಹಳೆಯದನ್ನು ಮಾರಿ ಹೊಸದು ಕೊಂಡಾಗ ಅದನ್ನು ಹೊಸ ಕಾರಿಗೆ ತರಬಹುದು. ಇದು ಗೊತ್ತಿಲ್ಲದೆ ಅರ್ಧ ಪ್ರೀಮಿಯಂ ಬಿಟ್ಟುಬಂದವರು, ಬಂಪರಿನ ಒಂದು ಗೀರಿಗೆ ಕ್ಲೇಮ್ ಹಾಕಿ ಐದು ವರ್ಷದ ಬೋನಸ್ ಕಳೆದುಕೊಂಡವರು ಎಲ್ಲ ಊರಲ್ಲೂ ಇದ್ದಾರೆ. ನೀರಿನ ವಿಚಾರವಂತೂ 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಕಡೆ ನೆರೆ ಬಂದಾಗ ಬಹಳ ಜನಕ್ಕೆ ತಿಳಿಯಿತು. ನೀರಲ್ಲಿ ನಿಂತ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಲು ಹೋದರೆ ಸಿಲಿಂಡರಿಗೆ ಹೊಕ್ಕ ನೀರು ಕನೆಕ್ಟಿಂಗ್ ರಾಡನ್ನೇ ಬಗ್ಗಿಸಿಬಿಡುತ್ತದೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವಚ ಇರದಿದ್ದರೆ ಸಾಮಾನ್ಯ ವಿಮೆ ಆ ನಷ್ಟವನ್ನು ಕೊಡುವುದಿಲ್ಲ. ನೀರಲ್ಲಿ ಕಾರು ನಿಂತರೆ ಕೀಲಿ ಮುಟ್ಟಬೇಡಿ, ಟೋಯಿಂಗ್ ಗಾಡಿ ಕರೆಸಿ.

ಮೈಲೇಜ್ ಮನಸ್ಸು ನನಗೆ ನಿಜಕ್ಕೂ ಸಿಟ್ಟು ತರಿಸುವುದು ಸುರಕ್ಷತೆಯ ವಿಷಯದಲ್ಲಿ. ಭಾರವಾದ ಗಟ್ಟಿ ಕಾರು ಮೈಲೇಜ್ ಕೊಡುವುದಿಲ್ಲ ಎಂದು ದಶಕಗಟ್ಟಲೆ ತಗಡಿನಂಥ ಕಾರುಗಳನ್ನು ಕೊಂಡೆವು. ಈಗ ಗಾಳಿ ತಿರುಗಿದೆ. 2023ರ ಅಕ್ಟೋಬರಿನಲ್ಲಿ, ಬೊಂಬೆಗಳನ್ನು ಕೂರಿಸಿದ ಕಾರಿಗೆ ಡಿಕ್ಕಿ ಹೊಡೆಸಿ ನಕ್ಷತ್ರ ಕೊಡುವ ಭಾರತ್ ಎನ್‌ಸಿಎಪಿ ಪರೀಕ್ಷೆ ಶುರುವಾಯಿತು, ಜನ ‘ಫೈವ್ ಸ್ಟಾರಾ?’ ಎಂದು ಕೇಳತೊಡಗಿದರು. ಒಳ್ಳೆಯದು. ಆದರೆ ಆ ನಕ್ಷತ್ರಗಳನ್ನು ಗಳಿಸಿದ ಬೊಂಬೆಗಳು ಬೆಲ್ಟ್ ಹಾಕಿಕೊಂಡಿದ್ದವು. ಐದು ನಕ್ಷತ್ರದ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕೂತವರ ಪಾಲಿಗೆ ನಕ್ಷತ್ರ ಒಂದೂ ಇಲ್ಲ. 2022ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಪಾಲ್ಘರ್ ಬಳಿ ತೀರಿಕೊಂಡ ಉದ್ಯಮಿ ಸೈರಸ್ ಮಿಸ್ತ್ರಿ ಕೂತಿದ್ದು ದುಬಾರಿ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟ್ ಇಲ್ಲದೆ. ಏರ್‌ಬ್ಯಾಗ್ ಬೆಲ್ಟಿಗೆ ಜೊತೆಗಾರ, ಬದಲಿಯಲ್ಲ. ಬೆಲ್ಟ್ ಇಲ್ಲದವರು ಮುಂದಕ್ಕೆ ಎಸೆಯಲ್ಪಟ್ಟಾಗ ಅದೇ ಚೀಲ ಎದುರಿನಿಂದ ಸಿಡಿದು ಹೊಡೆಯುತ್ತದೆ. ಬೀಪ್ ಸದ್ದು ಅಡಗಿಸಲು ಬಕಲಿಗೆ ಸಿಕ್ಕಿಸುವ ತಗಡಿನ ಕ್ಲಿಪ್ಪುಗಳ ಮಾರಾಟ ನಿಲ್ಲಿಸುವಂತೆ 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಗೆ ಆದೇಶ ಕೊಡಬೇಕಾಯಿತು. ಅಂಥ ಕ್ಲಿಪ್ಪನ್ನು ಕಾಸು ಕೊಟ್ಟು ಕೊಳ್ಳುವ ಜನ ನಾವು.

ವಿದ್ಯುತ್ ಕಾರು ಈ ಹಳೆಯ ಪ್ರಶ್ನೆಗೆ ಹೊಸ ವೇಷ ತೊಡಿಸಿದೆ: ‘ಚಾರ್ಜಿಗೆ ಎಷ್ಟು ಹೋಗುತ್ತೆ?’ ಈ ಬಂಡಿಯ ಕತೆಯಲ್ಲಿ ಬೆಂಗಳೂರಿಗೆ ಮೊದಲ ಸಾಲಿನ ಜಾಗವಿದೆ. ಚೇತನ್ ಮೈನಿ ಅವರ ರೇವಾ ಇಲ್ಲಿಂದಲೇ 2001ರಲ್ಲಿ ರಸ್ತೆಗಿಳಿಯಿತು. 2010ರಲ್ಲಿ ಮಹೀಂದ್ರಾ ಪಾಲಾಯಿತು. ಮನೆಯಲ್ಲೇ ಚಾರ್ಜ್ ಮಾಡಿದರೆ ಕಿಲೋಮೀಟರಿಗೆ ರೂಪಾಯಿ ಆಸುಪಾಸು ಎಂಬುದು ನಿಜ. ದಾರಿಯ ವೇಗದ ಚಾರ್ಜರಿನಲ್ಲಿ ಅದರ ಮೂರು ಪಟ್ಟು ಬೀಳಬಹುದು ಎಂಬುದೂ ನಿಜ. ಹಾಗಾಗಿ ಇಲ್ಲಿ ಕೇಳಬೇಕಾದದ್ದು ರೇಂಜ್ ಅಲ್ಲ. ನಿಮ್ಮ ಅಪಾರ್ಟ್‌ಮೆಂಟಿನ ಸಂಘ ಪಾರ್ಕಿಂಗ್ ಜಾಗಕ್ಕೆ ವಿದ್ಯುತ್ ಸಂಪರ್ಕ ಕೊಡುತ್ತದೆಯೇ ಎಂಬುದು. ಘಾಟಿ ಇಳಿಯುವಾಗ ಈ ಕಾರಿನ ಮೋಟಾರು ಜನರೇಟರಾಗಿ ಬ್ಯಾಟರಿಗೆ ಒಂದಷ್ಟು ತುಂಬಿಕೊಡುತ್ತದೆ. ಚಿಕ್ಕಪ್ಪನ ನ್ಯೂಟ್ರಲ್‌ಗೆ ಇಲ್ಲಿ ಜಾಗವೇ ಇಲ್ಲ.

ಹಳೆಯ ಕಾರು ಮಾರುವ ಹೊತ್ತಿಗೆ ಕೊನೆಯ ಸುಳ್ಳೊಂದು ಎದುರಾಗುತ್ತದೆ: ‘ಹದಿನೈದು ವರ್ಷ ಆಯ್ತಲ್ಲ ಸಾರ್, ಇನ್ನು ಗುಜರಿಯೇ ಗತಿ.’ ವಯಸ್ಸು ನೋಡಿಯೇ ಬಂಡಿಯನ್ನು ರಸ್ತೆಯಿಂದ ಇಳಿಸುವ ನಿಯಮ ಹುಟ್ಟಿದ್ದು ದಿಲ್ಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ. ಕರ್ನಾಟಕದಲ್ಲಿ ಫಿಟ್‌ನೆಸ್ ಪರೀಕ್ಷೆ ಪಾಸಾದರೆ ಶುಲ್ಕ, ಹಸಿರು ತೆರಿಗೆ ಕಟ್ಟಿ ಆರ್.ಸಿ. ನವೀಕರಿಸಬಹುದು. ಮಾರುವುದೇ ಆದರೆ 29, 30ನೇ ನಮೂನೆಗಳಿಗೆ ಬರೀ ಸಹಿ ಹಾಕಿ ಕೈತೊಳೆದುಕೊಳ್ಳಬೇಡಿ, ಆರ್.ಸಿ. ಕೊಂಡವರ ಹೆಸರಿಗೆ ಬದಲಾಯಿತೇ ಎಂದು ನೋಡಿಕೊಳ್ಳಿ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಮುಂದಿನ ಸಲ ಷೋರೂಮಿಗೆ ಹೋದಾಗ ಮೈಲೇಜ್ ಕೇಳಿ, ಬೇಡವೆನ್ನುವುದಿಲ್ಲ. ಆದರೆ ಐದನೆಯದಾಗಿ ಕೇಳಿ. ಅದಕ್ಕೆ ಮೊದಲು ಒಟ್ಟು ಬಡ್ಡಿ ಎಷ್ಟಾಗುತ್ತದೆ, ತೆರಿಗೆಯ ಯಾವ ಮಜಲಿಗೆ ಬೀಳುತ್ತೇನೆ, ಹೊರಗೆ ವಿಮೆ ಮಾಡಿಸಿದರೆ ಎಷ್ಟು ಇಳಿಸುತ್ತೀರಿ, ಹ್ಯಾಂಡ್ಲಿಂಗ್ ಚಾರ್ಜ್ ಎಂದು ಬರೆದಿದ್ದೀರಲ್ಲ ಅದು ಯಾತಕ್ಕೆ ಎಂದು ಕೇಳಿ, ನಾಲ್ಕಕ್ಕೂ ಉತ್ತರವನ್ನು ಕಾಗದದಲ್ಲಿ ಬರೆಸಿಕೊಂಡೇ ಮುಂಗಡ ಕೊಡಿ.